ಮಲ್ಲಿಗೆ ಮೊಗ್ಗಿಗೆ ಕರೆಂಟ್ ಬೇಡದ ತಂಪು ಗೂಡು

ಹೂವಿನ ಹಡಗಲಿ ಕಡೆ ಮಲ್ಲಿಗೆಯ ಸುಗ್ಗಿಯೂ ನಲವತ್ತು ಡಿಗ್ರಿ ಬಿಸಿಲೂ ಒಟ್ಟಿಗೇ ಬರುತ್ತವೆ. ಗಿಡ ಬಿಸಿಲಿಗೆ ಹೆದರಲ್ಲ. ಬುಡದಲ್ಲಿ ನೀರಿದ್ದರೆ ಸಾಕು, ಬಿಸಿಲಿದ್ದಷ್ಟೂ ಮೊಗ್ಗು ಕೊಡುತ್ತದೆ. ಕಷ್ಟ ಶುರುವಾಗೋದು ಮೊಗ್ಗು ಗಿಡ ಬಿಟ್ಟು ಬುಟ್ಟಿಗೆ ಬಂದ ಮೇಲೆ.

ನಮ್ಮ ಮನೆಯಲ್ಲಿ ಬೆಳಗಿನ ನಾಲ್ಕೂವರೆಗೆ ಹೂ ಬಿಡಿಸೋಕೆ ಇಳಿಯುತ್ತೇವೆ. ತಲೆಗೆ ಟಾರ್ಚ್, ಸೊಂಟಕ್ಕೆ ಮಡಿಲು. ಮೊದಲ ಬಸ್ಸಿಗೆ ದಾವಣಗೆರೆ ಕಡೆ ಹೋಗುವ ಮಾಲು ಆರು ಗಂಟೆಯೊಳಗೆ ಕಟ್ಟಿ ಆಗಬೇಕು. ಆಮೇಲೆ ಬಿಡಿಸಿದ್ದು ಎರಡನೇ ಮಾಲು. ಅದರಲ್ಲಿ ಒಂದಷ್ಟನ್ನು ಅವ್ವ, ಅತ್ತಿಗೆ, ಓಣಿಯ ನಾಲ್ಕು ಜನ ಕೂತು ಕಟ್ಟುತ್ತಾರೆ. ಉಳಿದದ್ದು ಊರಿನ ಸಂಜೆ ವ್ಯಾಪಾರಕ್ಕೆ. ಸಂಜೆ ವ್ಯಾಪಾರಕ್ಕೆ ಹೂ ಬೇಕಾಗೋದು ನಾಲ್ಕು ಗಂಟೆಗೆ. ಹೂ ನಮ್ಮ ಕೈಗೆ ಬರೋದು ಎಂಟು ಗಂಟೆಗೆ. ನಡುವಿನ ಆ ಎಂಟು ತಾಸು ಹೂವನ್ನು ಎಲ್ಲಿಡೋದು? ಇಡೋಕೆ ಜಾಗವಿಲ್ಲ ಅಂತ ಕೊಳ್ಳುವವರಿಗೂ ಗೊತ್ತು. ಅದಕ್ಕೇ ಒಂಬತ್ತು ಗಂಟೆಗೆ ಕೇಳುವ ರೇಟೇ ಬೇರೆ, ಸಂಜೆಯ ರೇಟೇ ಬೇರೆ. ಬಸವ ಜಯಂತಿ ಆಸುಪಾಸು ಮದುವೆಗಳು ಸಾಲಾಗಿ ಬಂದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಅಪ್ಪನ ಕಾಲದಿಂದ ಮಾಡುತ್ತಿದ್ದದ್ದು ಒಂದೇ. ಬಿದಿರು ಬುಟ್ಟಿ, ಅದಕ್ಕೆ ಹಸಿ ಬಟ್ಟೆ, ಒಳಮನೆಯ ಮೂಲೆ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿಯ ನಡುವೆ ಕೈ ಹಾಕಿ ನೋಡಿ, ಮೊಗ್ಗಿನ ರಾಶಿ ಬೆಚ್ಚಗಿರುತ್ತದೆ. ಅದು ಹೊರಗಿನ ಬಿಸಿಲಿನ ಕಾವಷ್ಟೇ ಅಲ್ಲ. ಕಿತ್ತ ಮೇಲೂ ಮೊಗ್ಗು ಉಸಿರಾಡುತ್ತಲೇ ಇರುತ್ತದೆ, ಉಸಿರಾಡಿದ ಹಾಗೆ ಶಾಖ ಬಿಡುತ್ತದೆ. ರಾಶಿ ದಪ್ಪ ಇದ್ದಷ್ಟೂ ಆ ಶಾಖ ಒಳಗೇ ಉಳಿಯುತ್ತದೆ. ಬಿಸಿಯಾದ ಮೊಗ್ಗು ಸಂಜೆಗೆ ಅರಳಬೇಕಾದದ್ದು ಎರಡು ಗಂಟೆಗೇ ಬಾಯಿ ಬಿಡುತ್ತದೆ. ಅರಳಿದ ಹೂವನ್ನು ಕಟ್ಟೋಕೂ ಆಗಲ್ಲ, ಮಾರೋಕೂ ಆಗಲ್ಲ.

ಇದಕ್ಕೆ ಉಪಾಯ ಹೊಸದೇನಲ್ಲ. ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲೇ ಎರಡು ಇಟ್ಟಿಗೆ ಗೋಡೆಗಳ ನಡುವೆ ಹಸಿ ಮರಳು ತುಂಬಿದ ತಂಪು ಕೋಣೆಯ ಮಾದರಿ ಕೊಟ್ಟಿದ್ದಾರೆ. ಎರಡೂ ಗೋಡೆ ಸೇರಿಸಿ ಕೂರುವ ನೆಲ 165 ಸೆಂಟಿಮೀಟರ್ ಉದ್ದ, 115 ಅಗಲ. ಗೋಡೆ 67.5 ಸೆಂಟಿಮೀಟರ್ ಎತ್ತರ. ಗೋಡೆಗಳ ನಡುವಿನ ಸಂದು 7.5 ಸೆಂಟಿಮೀಟರ್. ಮೇಲೆ ಬಿದಿರಿನ ಮುಚ್ಚಳ. ಕರೆಂಟ್ ಬೇಡ, ನೀರು ಸಾಕು. ತರಕಾರಿಗೆ ಅಂತ ಮಾಡಿದ್ದನ್ನು ಮಲ್ಲಿಗೆಗೆ ಹೊಂದಿಸಿಕೊಂಡ ಕಥೆ ಇದು. ನಮ್ಮ ಹಾಗೆ ಒಣ ಬಿಸಿಲಿರುವ ಊರಿನ ಹೂವಿನವರಿಗೆ ಕೆಲಸಕ್ಕೆ ಬರಲಿ ಅಂತ ಅಳತೆ ಸಮೇತ ಬರೆಯುತ್ತಿದ್ದೇನೆ.

ಮೊದಲು ಥರ್ಮಾಮೀಟರ್ ಪರೀಕ್ಷೆ

ಗೂಡು ಎಷ್ಟು ತಂಪಾದೀತು ಅಂತ ಒಂದು ಇಟ್ಟಿಗೆ ಇಡುವ ಮೊದಲೇ ತಿಳಿಯಬಹುದು. ಎರಡು ಸಾದಾ ಥರ್ಮಾಮೀಟರ್ ತನ್ನಿ. ಒಂದನ್ನು ಹಾಗೇ ನೆರಳಲ್ಲಿ ತೂಗುಹಾಕಿ. ಇನ್ನೊಂದರ ಬುಡಕ್ಕೆ ಹತ್ತಿ ಬಟ್ಟೆ ಸುತ್ತಿ, ನೀರಲ್ಲಿ ಅದ್ದಿ, ಹತ್ತು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ. ಒದ್ದೆ ಬಟ್ಟೆಯದ್ದು ಎಲ್ಲಿಗೆ ಇಳಿದು ನಿಲ್ಲುತ್ತದೋ ಅದೇ ಕೊನೆ ಮೆಟ್ಟಿಲು. ಯಾವ ಇಟ್ಟಿಗೆ ಗೂಡೂ ಅದಕ್ಕಿಂತ ಕೆಳಗೆ ಹೋಗಲ್ಲ. ನಮ್ಮ ಬೇವಿನ ಮರದ ಕೆಳಗೆ ಮಧ್ಯಾಹ್ನ ಒಣ ಥರ್ಮಾಮೀಟರ್ 39 ತೋರಿಸುತ್ತಿದ್ದಾಗ ಒದ್ದೆಯದ್ದು 23 ತೋರಿಸಿತು. ಹದಿನಾರು ಡಿಗ್ರಿ ಅಂತರ! ಅಷ್ಟೂ ಸಿಗಲ್ಲ, ಮುಕ್ಕಾಲು ಭಾಗ ಸಿಕ್ಕರೂ ಗೆದ್ದ ಹಾಗೆ. ಕರಾವಳಿಯಲ್ಲಿ ಇದೇ ಪರೀಕ್ಷೆ ಮಾಡಿದರೆ ಅಂತರ ತೀರಾ ಕಮ್ಮಿ ಬರುತ್ತದೆ. ಅಲ್ಲಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತಲ್ವಾ? ಅಲ್ಲಿ ಈ ಗೂಡಿಗೆ ದುಡ್ಡು ಹಾಕೋದು ಬೇಡ.

ತಂಪು ಎಲ್ಲಿಂದ ಬರುತ್ತದೆ ಅಂತ ಅಣ್ಣನ ಮಗ ಕೇಳಿದ. ಒಂದು ಲೀಟರ್ ನೀರು ಆವಿಯಾಗಿ ಹೋಗಬೇಕಾದರೆ ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ಆ ಶಾಖವನ್ನು ನೀರು ಇಟ್ಟಿಗೆಯಿಂದ, ಮರಳಿಂದ, ಒಳಗಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ದಿನಕ್ಕೆ ಮೂವತ್ತು ಲೀಟರ್ ಆವಿಯಾದರೆ ಇಪ್ಪತ್ತು ಯೂನಿಟ್ಟಿನಷ್ಟು ಶಾಖ ಹೊರಗೆ ಹೋಯಿತು ಅಂತ ಅರ್ಥ. ಗೂಡಿನ ಪ್ರತಿಯೊಂದು ಕೆಲಸವನ್ನೂ ಈ ಒಂದು ಮಾತು ನೆನಪಿಟ್ಟುಕೊಂಡು ಮಾಡಬೇಕು. ಆವಿ ಹೋಗೋ ದಾರಿ ಮುಚ್ಚಬಾರದು.

ಜಾಗ, ಇಟ್ಟಿಗೆ, ಮರಳು

ಜಾಗಕ್ಕೆ ನೆರಳೂ ಬೇಕು, ಗಾಳಿಯೂ ಬೇಕು. ಮನೆಯೊಳಗೆ ಕಟ್ಟೋಣ ಅಂತ ಅಪ್ಪನ ಆಸೆ ಇತ್ತು. ಒಳಗೆ ಗಾಳಿ ಆಡಲ್ಲ, ಆವಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಹಿತ್ತಲ ಬೇವಿನ ಮರದ ಕೆಳಗೆ, ಪಡುವಣ ಗಾಳಿ ಬಡಿಯುವ ಕಡೆ ಜಾಗ ಗೊತ್ತು ಮಾಡಿದೆವು. ಮೇಲೆ ನಾಲ್ಕು ಗೂಟದ ಮೇಲೆ ತೆಂಗಿನ ಗರಿಯ ಚಪ್ಪರ. ನೆಲ ಒಂದು ಗೇಣು ಎತ್ತರಿಸಿದ್ದೇವೆ, ಮಳೆ ಬಂದರೆ ನೀರು ನುಗ್ಗಬಾರದು.

ಅಳತೆ ಮಾತ್ರ ಬದಲಾಯಿಸಿದೆ. ನಮ್ಮಲ್ಲಿರೋ ಪ್ಲಾಸ್ಟಿಕ್ ಕ್ರೇಟ್ 54 ಸೆಂಟಿಮೀಟರ್ ಉದ್ದ, 36 ಅಗಲ. ಪೂಸಾ ಅಳತೆಯಲ್ಲಿ ಕಟ್ಟಿದರೆ ಒಳಗೆ ಎರಡು ಕ್ರೇಟ್ ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದವು. ಮೊಗ್ಗು ಒದ್ದೆ ಗೋಡೆಗೆ ತಾಕಿದರೆ ಕಂದು ಕಲೆ ಗ್ಯಾರಂಟಿ. ಅದಕ್ಕೆ ಒಳ ಅಳತೆಯನ್ನು 130 ಉದ್ದ, 66 ಅಗಲ ಅಂತ ಹಿಡಿದೆ. ಮೂರು ಕ್ರೇಟ್ ಅಡ್ಡಡ್ಡ ಕೂರುತ್ತವೆ, ಸುತ್ತಲೂ ನಾಲ್ಕು ಬೆರಳು ಸಂದು ಉಳಿಯುತ್ತದೆ. ಎರಡು ಸುತ್ತು ಪೇರಿಸಿದರೆ ಆರು ಕ್ರೇಟ್. ಹೊರಗಿನಿಂದ ಅಳೆದರೆ 189 ಉದ್ದ, 125 ಅಗಲ. ಕ್ರೇಟ್ ಅಳೆದು ಗೋಡೆ ಕಟ್ಟಿ, ಗೋಡೆ ಕಟ್ಟಿ ಕ್ರೇಟ್ ಹುಡುಕಬೇಡಿ.

ಇಟ್ಟಿಗೆ ಬೇಕಾದದ್ದು ಸುಮಾರು 430. ಒಡಕು ಸೇರಿಸಿ 450 ತಂದೆವು. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮನೆ ಕಟ್ಟೋಕೆ ಒಳ್ಳೆಯ ಇಟ್ಟಿಗೆ ಈ ಗೂಡಿಗೆ ಒಳ್ಳೆಯದಲ್ಲ. ಚೆನ್ನಾಗಿ ಸುಟ್ಟು, ಮೈ ಮಿಂಚಿ, ಬಡಿದರೆ ಟಣ್ ಅನ್ನುವ ಇಟ್ಟಿಗೆ ನೀರು ಕುಡಿಯಲ್ಲ. ನೀರು ಕುಡಿಯದಿದ್ದರೆ ಆವಿ ಇಲ್ಲ, ಆವಿ ಇಲ್ಲದಿದ್ದರೆ ತಂಪಿಲ್ಲ. ಊರ ಹೊರಗಿನ ಇಟ್ಟಿಗೆ ಭಟ್ಟಿಯಲ್ಲಿ ನಸುಗೆಂಪು ಇಟ್ಟಿಗೆಯ ರಾಶಿಯಿಂದ ನಾಲ್ಕು ಎತ್ತಿಕೊಂಡು ಬಕೆಟ್ಟಿನಲ್ಲಿ ಮುಳುಗಿಸಿದೆ. ಒಂದು ಚೆನ್ನಾಗಿ ಗುಳುಗುಳು ಗುಳ್ಳೆ ಬಿಡುತ್ತಾ ಹೋಯಿತು, ನಿಲ್ಲಲೇ ಇಲ್ಲ. ಅದೇ ಸುಡಿತದ ಇಟ್ಟಿಗೆ ಆರಿಸಿದೆ. ಹಾಗಂತ ಕೈಯಲ್ಲಿ ಪುಡಿಯಾಗುವ ಹಸಿಬಿಸಿ ಇಟ್ಟಿಗೆಯೂ ಬೇಡ, ನೆನೆದು ಕರಗಿ ಕುಸಿಯುತ್ತದೆ.

ಮರಳು ಒಂಬತ್ತು ಸಿಎಫ್‌ಟಿ (ಘನ ಅಡಿ) ಆಸುಪಾಸು ಹಿಡಿಯಿತು. ಹೊಳೆ ಮರಳೇ ಬೇಕು ಅಂತಿಲ್ಲ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು ಆದರೆ ದೂಳು ಹೋಗುವವರೆಗೆ ತೊಳೆಯಬೇಕು. ತೊಳೆಯದಿದ್ದರೆ ಆ ದೂಳು ಕೆಳಗೆ ಕೂತು ಗಾರೆಯಾಗುತ್ತದೆ, ನೀರು ಒಂದೇ ಕಡೆ ನಿಲ್ಲುತ್ತದೆ. ನಾವು ಜರಡಿ ಹಿಡಿದು, ಬಾಂಡ್ಲಿಯಲ್ಲಿ ತೊಳೆದು, ತಿಳಿನೀರು ಬರುವವರೆಗೆ ಬಸಿದೆವು. ಬೇಜಾರಿನ ಕೆಲಸ, ಆದರೆ ಗೂಡಿನ ಆಯುಷ್ಯ ಇಲ್ಲೇ ಇದೆ.

ಗೋಡೆ ಕಟ್ಟಿದ್ದು

ಗೌಂಡಿ ಹಳೇ ಪರಿಚಯದವರು. ಬಂದವರೇ ಕೇಳಿದ್ದು ಸಿಮೆಂಟ್ ಎಷ್ಟು ಚೀಲ ಅಂತ.

"ಸಿಮೆಂಟ್ ಬ್ಯಾಡ್ರಿ ಕಾಕಾ, ಮಣ್ಣಿನ ರಾಡಿ ಸಾಕು" ಅಂದೆ.

"ಸಿಮೆಂಟ್ ಇಲ್ದ ಕಟ್ಟಿದ್ರ ಒಂದ್ ದೊಡ್ಡ ಮಳಿಗೆ ಕುಂದರತೈತಿ ನೋಡು ತಮ್ಮ. ಹೊರಗಾದ್ರೂ ಪ್ಲಾಸ್ಟರ್ ಮಾಡ್ತೀನಿ, ಚಂದ ಕಾಣ್ತೈತಿ."

ಅವರ ಮಾತಲ್ಲಿ ಕಾಳಜಿ ಇತ್ತು. ನಾನು ಒಂದು ಇಟ್ಟಿಗೆಯ ಅರ್ಧಕ್ಕೆ ಸಿಮೆಂಟ್ ಸವರಿ ಹಿಂದಿನ ದಿನವೇ ಒಣಗಿಸಿ ಇಟ್ಟಿದ್ದೆ. ಅದನ್ನು ನೀರಲ್ಲಿ ಅದ್ದಿ ತೆಗೆದು ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಗಾಳಿಗೆ ಇಟ್ಟು ಎರಡೂ ಕಡೆ ಮುಟ್ಟಿ ನೋಡಿದರು. ಬರೀ ಇಟ್ಟಿಗೆಯ ಕಡೆ ತಣ್ಣಗಿತ್ತು, ಸಿಮೆಂಟಿನ ಕಡೆ ಅಷ್ಟಿರಲಿಲ್ಲ. ಆಮೇಲೆ ಪ್ಲಾಸ್ಟರಿನ ಮಾತು ಬರಲಿಲ್ಲ. ಅವರೇ ಕೆರೆ ಮಣ್ಣು ತರಿಸಿ ರಾಡಿ ಕಲಸಿದರು.

ನೆಲಕ್ಕೆ ಒಂದು ವರಸೆ ಇಟ್ಟಿಗೆ ಹಾಸಿ, ಸಂದಿಗೆ ಮರಳು ಸುರಿದು ಗುಡಿಸಿದೆವು. ಇಟ್ಟಿಗೆಗಳನ್ನು ಇಡೀ ರಾತ್ರಿ ತೊಟ್ಟಿಯಲ್ಲಿ ನೆನೆಹಾಕಿದ್ದೆವು. ಒಣ ಇಟ್ಟಿಗೆ ರಾಡಿಯ ನೀರನ್ನೇ ಹೀರಿಬಿಡುತ್ತದೆ, ಆಗ ಹಿಡಿತ ಬರಲ್ಲ. ಒಳಗೋಡೆ ಮೊದಲು, ಹೊರಗೋಡೆ ಆಮೇಲೆ, ಒಂದು ವರಸೆ ಹಿಂದೆ ಒಂದು ವರಸೆ. ನಡುವಿನ ಮೂರು ಇಂಚು ಸಂದು ಎಲ್ಲ ಕಡೆ ಸಮ ಇರಲಿ ಅಂತ ಮೂರು ಇಂಚು ದಪ್ಪದ ಮರದ ತುಂಡೊಂದನ್ನು ಸಂದಿನಲ್ಲಿಟ್ಟು, ಅದನ್ನೇ ಸರಿಸುತ್ತಾ, ಎತ್ತುತ್ತಾ ಹೋದರು ಗೌಂಡಿ. ಆ ತುಂಡು ಇಲ್ಲದೆ ಕಣ್ಣಳತೆಗೆ ಕಟ್ಟಿದರೆ ಒಂದು ಕಡೆ ಎರಡು ಇಂಚು, ಇನ್ನೊಂದು ಕಡೆ ನಾಲ್ಕು ಇಂಚು ಆಗುತ್ತದೆ. ಮರಳು ತೆಳ್ಳಗಿರೋ ಕಡೆ ಬೇಗ ಒಣಗುತ್ತದೆ.

ಎರಡು ವರಸೆ ಏರಿದ ಹಾಗೆ ಹಸಿ ಮರಳು ತುಂಬಿ ಕೋಲಿಂದ ಮೆಲ್ಲಗೆ ತಿವಿದೆವು. ಎಲ್ಲ ಕಟ್ಟಿ ಮುಗಿಸಿ ಮೇಲಿಂದ ಒಮ್ಮೆಗೇ ಸುರಿದರೆ ನಡುವೆ ಟೊಳ್ಳು ಉಳಿಯುತ್ತದೆ. ಜೋರಾಗಿ ಕುಟ್ಟಿದರೆ ಹೊರಗೋಡೆ ಉಬ್ಬುತ್ತದೆ. ಮಣ್ಣಿನ ಕಟ್ಟಡ, ತಾಳ್ಮೆ ಬೇಕು. ಎಂಟು ವರಸೆಗೆ ಎರಡು ಅಡಿ ಮೇಲೆ ಒಂದಿಷ್ಟು ಎತ್ತರ ಬಂತು. ಅವ್ವ ಬಾಗಿ ಕೆಳಗಿನ ಕ್ರೇಟ್ ಎತ್ತೋಕೆ ಸರಿಯಾಗುವ ಎತ್ತರ ಅದೇ. ಅದಕ್ಕೇ ಅಲ್ಲಿಗೆ ನಿಲ್ಲಿಸಿದೆವು.

ನೀರಿನ ವ್ಯವಸ್ಥೆ

ಬೆಳಿಗ್ಗೆ ಸಂಜೆ ಕೊಡದಲ್ಲಿ ಹುಯ್ಯಬಹುದು. ಆದರೆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಯಾರಿಗೆ ಪುರುಸೊತ್ತಿದೆ? ರಾತ್ರಿ ಮೋಟರಿಗೆ ಮೂರು ಫೇಸ್ ಕರೆಂಟ್ ಬಂದಾಗ ಎದ್ದು ತೋಟಕ್ಕೆ ನೀರು, ನಸುಕಿಗೆ ಹೂ, ಮಧ್ಯಾಹ್ನ ಕಟ್ಟೋದು. ಹಾಗಾಗಿ ತಾನಾಗೇ ಜಿನುಗೋ ಹಾಗೆ ಮಾಡಿದೆ. ಹಳೇ ಡ್ರಿಪ್ಪಿನ 16 ಎಂಎಂ ಪೈಪನ್ನು ಮರಳಿನ ಮೇಲೆ ಸುತ್ತಲೂ ಮಲಗಿಸಿ, ಪಕ್ಕದ ಕಲ್ಲುಕಟ್ಟೆ ಮೇಲೆ ಒಂದು ಐವತ್ತು ಲೀಟರಿನ ಡ್ರಮ್ ಇಟ್ಟು ಜೋಡಿಸಿದೆ. ತೋಟದಲ್ಲಿ ಮೋಟರಿನ ಒತ್ತಡಕ್ಕೆ ಕೆಲಸ ಮಾಡುವ ಡ್ರಿಪ್ಪರ್ ಮೂರು ಅಡಿ ಎತ್ತರದ ಡ್ರಮ್ಮಿಗೆ ಬಾಯಿ ಬಿಡಲ್ಲ. ಡ್ರಿಪ್ಪರ್ ಇಲ್ಲದ ಸಾದಾ ಪೈಪು ತಗೊಂಡು, ಗೇಣಿಗೊಂದರಂತೆ ತೂತು ಮಾಡಿ ಮೈಕ್ರೋ ಟ್ಯೂಬ್ ಅನ್ನುವ ತೆಳು ಕೊಳವೆಯ ಸಣ್ಣ ತುಂಡು ಸಿಕ್ಕಿಸಿದೆ. ಡ್ರಮ್ಮಿನ ಬಾಯಿಗೆ ಹಳೇ ಪಂಚೆಯ ಎರಡು ಪದರ ಕಟ್ಟಿದ್ದೇನೆ, ಕಸ ಸೋಸೋಕೆ.

ಮೊದಲ ದಿನ ಗೂಡು ಎಷ್ಟು ನೀರು ಕುಡಿಯಿತು ಅಂದರೆ ಅಪ್ಪ ಎಲ್ಲೋ ಸೋರುತ್ತಿದೆ ಅಂತ ಸುತ್ತ ಬಂದು ನೋಡಿದರು. ಸೋರಿಕೆ ಇರಲಿಲ್ಲ. ಇಟ್ಟಿಗೆ ನೆನೆದಿದ್ದರೂ ಮರಳು ಪೂರ್ತಿ ನೆನೆಯಬೇಕಲ್ವಾ? ಒಮ್ಮೆ ಪೂರ್ತಿ ನೆನೆದ ಮೇಲೆ ದಿನಕ್ಕೆ ಒಂದು ಡ್ರಮ್ಮಿಗಿಂತ ಕಮ್ಮಿಯೇ ಸಾಕು. ಹೊರಗೋಡೆಯ ಮೈಯೆಲ್ಲ ಒಂದೇ ಬಣ್ಣಕ್ಕೆ ಗಾಢವಾಗಿ ಕಂಡರೆ ನೀರು ಸರಿ ಇದೆ ಅಂತ ಲೆಕ್ಕ. ಎಲ್ಲಾದರೂ ನಸುಬಣ್ಣದ ಪಟ್ಟಿ ಕಂಡರೆ ಅಲ್ಲಿನ ಟ್ಯೂಬ್ ಕಟ್ಟಿಕೊಂಡಿದೆ ಅಂತ ಅರ್ಥ.

ಮುಚ್ಚಳ

ಜಾಸ್ತಿ ತಲೆ ಕೆಡಿಸಿದ್ದು ಮುಚ್ಚಳವೇ. ಬಿದಿರಿನ ಚೌಕಟ್ಟು, ಎರಡು ಪದರ ಗೋಣಿಚೀಲ, ನಡುವೆ ಭತ್ತದ ಹುಲ್ಲು. ಮೇಲೆ ನೀರು ಚಿಮುಕಿಸಿದರೆ ಗೂಡು ಇನ್ನೂ ತಂಪಾಗುತ್ತದೆ ನಿಜ. ಆದರೆ ಗೋಣಿಯಿಂದ ಒಂದೊಂದೇ ಹನಿ ಮೊಗ್ಗಿನ ಮೇಲೆ ಬೀಳುತ್ತಿತ್ತು. ತರಕಾರಿಗಾದರೆ ಚಿಂತೆ ಇಲ್ಲ. ಮಲ್ಲಿಗೆಗೆ ಹನಿ ಬಿದ್ದ ಕಡೆ ಸಂಜೆಯೊಳಗೆ ಚಹಾ ಬಣ್ಣದ ಚುಕ್ಕೆ. ಚೌಕಟ್ಟಿನ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಒಂದು ಬದಿಗೆ ಎರಡು ಇಂಚು ಇಳಿಜಾರು ಕೊಟ್ಟೆವು. ಈಗ ಹನಿ ಜಾರಿ ಗೋಡೆಯ ಮರಳಿಗೇ ಹೋಗುತ್ತದೆ. ಕ್ರೇಟ್ ಮೇಲೆ ಅವ್ವ ತನ್ನ ಹಳೇ ಹತ್ತಿ ಸೀರೆಯ ತುಂಡು ಮುಚ್ಚುತ್ತಾರೆ. ಅಲ್ಲಿಗೆ ಚುಕ್ಕೆಯ ಕಾಟ ನಿಂತಿತು.

ಮುಚ್ಚಳದ ಅಂಚು ಗೋಡೆಗೆ ಬಿಗಿಯಾಗಿ ಕೂರಬೇಕು. ಇದು ತಂಪಿಗಾಗಿ ಮಾತ್ರ ಅಲ್ಲ. ಬೇಸಿಗೆಯಲ್ಲಿ ಹಿತ್ತಲಲ್ಲಿ ತಣ್ಣನೆ ಜಾಗ ಒಂದಿದ್ದರೆ ಕಪ್ಪೆ ಬರುತ್ತದೆ, ಕಪ್ಪೆ ಹಿಂದೆ ಹಾವು ಬರುತ್ತದೆ. ಮುಚ್ಚಳ ಎತ್ತಿ, ಟಾರ್ಚ್ ಬಿಟ್ಟು, ಕೋಲಿಂದ ಕ್ರೇಟ್ ತಟ್ಟಿದ ಮೇಲೇ ಕೈ ಹಾಕೋದು ಅಂತ ಮನೆಯಲ್ಲಿ ಎಲ್ಲರಿಗೂ, ಮಕ್ಕಳಿಗಂತೂ ಕಟ್ಟುನಿಟ್ಟು ಮಾಡಿದ್ದೇವೆ. ಇರುವೆಗೆ ಗೂಡಿನ ಸುತ್ತ ಒಂದು ಸಣ್ಣ ಕಾಲುವೆ ತೋಡಿ ನೀರು ನಿಲ್ಲಿಸಿದ್ದೇವೆ. ಸೊಳ್ಳೆ ಆಗಬಾರದು ಅಂತ ಎರಡು ದಿನಕ್ಕೊಮ್ಮೆ ಆ ನೀರು ಬದಲು.

ಹೂ ಇಟ್ಟು ನೋಡಿದ್ದು

ಬಿಡಿಸಿದ ಕೂಡಲೇ ಮೊಗ್ಗನ್ನು ಒಳಗೆ ಇಡಬಾರದು. ನಸುಕಿನ ಇಬ್ಬನಿ ಮೈಮೇಲೆ ಇರುತ್ತದೆ. ಪಡಸಾಲೆಯಲ್ಲಿ ಬಟ್ಟೆ ಹಾಸಿ ಅರ್ಧ ತಾಸು ಹರಡಬೇಕು. ಆರಿಸೋ ಕೆಲಸವೂ ಅಲ್ಲೇ. ಹುಳು ಕೊರೆದ ಮೊಗ್ಗು ನೇರಳೆ ಛಾಯೆಗೆ ತಿರುಗಿರುತ್ತದೆ, ಬುಡದಲ್ಲಿ ಸೂಜಿ ಮೊನೆಯಷ್ಟು ತೂತು. ಒಂದನ್ನು ಬಿಟ್ಟರೂ ಒಳಗಿನ ಹುಳು ಪಕ್ಕದ ಮೊಗ್ಗಿಗೆ ಹೋಗುತ್ತದೆ. ಅವ್ವನ ಬೆರಳು ಅದನ್ನು ಕಣ್ಣಿಗಿಂತ ಮೊದಲೇ ಹಿಡಿಯುತ್ತದೆ. ಆರಿಸಿದ್ದನ್ನು ಕ್ರೇಟಿಗೆ ನಾಲ್ಕು ಬೆರಳು ದಪ್ಪಕ್ಕಿಂತ ಜಾಸ್ತಿ ತುಂಬಲ್ಲ. ಒಂದು ಕ್ರೇಟಿಗೆ ಮೂರು ಕೆಜಿ ಆಸುಪಾಸು. ಕೆಳಗಿನ ಕ್ರೇಟ್ ಕೂರೋದು ಎರಡು ಇಟ್ಟಿಗೆಯ ಮೇಲೆ, ನೆಲಕ್ಕೆ ತಾಕೋ ಹಾಗಿಲ್ಲ.

ಅಪ್ಪನಿಗೆ ಒಪ್ಪಿಸಬೇಕಾದರೆ ತಕ್ಕಡಿಯೇ ಬೇಕು. ಒಂದೇ ಸಾಲಿನ ಮೊಗ್ಗನ್ನು ಒಂದೊಂದು ಕೆಜಿ ತೂಗಿ, ಒಂದನ್ನು ಅವರ ಬುಟ್ಟಿಯಲ್ಲಿ ಒಳಮನೆಯಲ್ಲಿಟ್ಟೆ, ಇನ್ನೊಂದನ್ನು ಗೂಡಲ್ಲಿ. ಮಧ್ಯಾಹ್ನ ಹೊರಗೆ 39 ಡಿಗ್ರಿ ಇದ್ದಾಗ ಗೂಡಿನೊಳಗೆ 27. ನಾಲ್ಕು ಗಂಟೆಗೆ ಮತ್ತೆ ತೂಗಿದರೆ ಬುಟ್ಟಿಯದ್ದು 880 ಗ್ರಾಂ, ಗೂಡಿನದ್ದು 970. ಬುಟ್ಟಿಯ ಮೊಗ್ಗು ಮುಕ್ಕಾಲುಪಾಲು ಬಾಯಿ ಬಿಟ್ಟಿತ್ತು. ಗೂಡಿನದ್ದು ಮುಚ್ಚಿಕೊಂಡೇ ಇತ್ತು. ಅವ್ವ ತೂಕ ನೋಡಲಿಲ್ಲ. ಒಂದು ಹಿಡಿ ಮೊಗ್ಗು ತಗೊಂಡು ಗಲ್ಲಕ್ಕೆ ಒತ್ತಿ ಹಿಡಿದರು. "ನಸುಕಿನ್ಯಾಗ ಹರದಂಗ ಐತಿ" ಅಂದರು. ಅಪ್ಪ ಆ ಮೊಗ್ಗನ್ನೇ ಪಡಸಾಲೆಯಲ್ಲಿಟ್ಟು ಕಾದರು. ಏಳೂವರೆ ಹೊತ್ತಿಗೆ ಅರಳಿ ಮನೆ ತುಂಬ ಪರಿಮಳ. ತಂಪಿಗೆ ಮೊಗ್ಗು ಸತ್ತಿಲ್ಲ, ತಡೆದು ನಿಂತಿತ್ತಷ್ಟೇ ಅನ್ನೋದು ಅವರಿಗೆ ಖಾತ್ರಿಯಾಯಿತು. ಮರುದಿನದಿಂದ ಎರಡನೇ ಮಾಲನ್ನು ಒಂಬತ್ತು ಗಂಟೆಯ ರೇಟಿಗೆ ಕೊಡೋದು ಬಿಟ್ಟೆವು. ಕಟ್ಟುವವರಿಗೂ ಒತ್ತಡ ಇಳಿಯಿತು. ಮೊದಲು ಬಿಸಿಲೇರುವ ಮುಂಚೆ ಕಟ್ಟಿ ಮುಗಿಸಬೇಕು ಅಂತ ರೊಟ್ಟಿ ತಿನ್ನೋಕೂ ಏಳುತ್ತಿರಲಿಲ್ಲ. ಈಗ ಒಂದು ಕ್ರೇಟ್ ತೆಗೆದು ಕಟ್ಟುತ್ತಾರೆ, ಉಂಡು, ಒಂದು ಗಳಿಗೆ ಮಲಗಿ, ಮೂರಕ್ಕೆ ಇನ್ನೊಂದು ತೆಗೆಯುತ್ತಾರೆ. ನನಗೆ ರೇಟಿಗಿಂತ ಇದು ದೊಡ್ಡದು.

ಒಳಗೆ ಬೇರೇನೂ ಇಡಬೇಡಿ. ಮೇ ತಿಂಗಳು, ಮಾವಿನ ಕಾಲ. ಮಕ್ಕಳು ಹಣ್ಣು ತಣ್ಣಗಾಗಲಿ ಅಂತ ತಂದಿಡುತ್ತಾರೆ. ಮಾವು, ಬಾಳೆ ಹಣ್ಣಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ. ಮುಚ್ಚಿದ ಜಾಗದಲ್ಲಿ ಅದು ಸೇರಿಕೊಂಡರೆ ಹೂ ಬೇಗ ಬಾಡುತ್ತದೆ. ಹಣ್ಣಿಗೆ ಬೇರೆ ಮಡಿಕೆ ಇಟ್ಟುಕೊಟ್ಟಿದ್ದೇವೆ.

ಉಪ್ಪಿನ ರಿಪೇರಿ

ಬೋರಿನ ನೀರು ಗಡಸು. ಕೆಲವು ವಾರ ಕಳೆದ ಮೇಲೆ ಹೊರಗೋಡೆಯ ಮೇಲೆ ಬಿಳಿ ಹುಡಿ ಏಳತೊಡಗಿತು, ಒಳಗಿನ ಥರ್ಮಾಮೀಟರ್ 27ರಿಂದ 29ಕ್ಕೆ ಏರಿತು. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಇಟ್ಟಿಗೆಯ ಮೈಮೇಲೇ ಉಳಿದು ತೂತು ಮುಚ್ಚುತ್ತದೆ. ಒರೆಸೋಕೆ ಅತ್ತಿಗೆ ಒದ್ದೆ ಬಟ್ಟೆ ತಂದರು, ಬೇಡ ಅಂದೆ. ಒದ್ದೆ ಮಾಡಿದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೇ ಹೋಗುತ್ತದೆ. ಒಂದು ದಿನ ಹೂ ಇಡದೆ, ನೀರು ನಿಲ್ಲಿಸಿ, ಮೈ ಒಣಗಿಸಿದೆವು. ತೆಂಗಿನ ನಾರಿನ ಬ್ರಷ್ಷಿನಲ್ಲಿ ಒಣದಾಗಿ ಉಜ್ಜಿ, ಬಿದ್ದ ಹುಡಿಯನ್ನು ಗುಡಿಸಿ ದೂರ ಎಸೆದೆವು. ಅಷ್ಟರಲ್ಲಿ ಒಂದು ಬೇಸಿಗೆ ಮಳೆ ಬಂತು. ತಗಡಿನಿಂದ ಇಳಿದ ನೀರನ್ನು ಡ್ರಮ್ಮಿಗೆ ಹಿಡಿದು ಮರಳಿಗೆ ಬಿಟ್ಟೆವು. ಥರ್ಮಾಮೀಟರ್ ಮತ್ತೆ 27ಕ್ಕೆ ಇಳಿಯಿತು. ಈಗ ಹುಡಿ ಕಾಣಿಸಿಕೊಂಡಾಗಲೆಲ್ಲ ಇದೇ ಕ್ರಮ. ಕ್ರೇಟ್‌ಗಳನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಕದಡಿದ ನೀರಲ್ಲಿ ತೊಳೆದು ಬಿಸಿಲಿಗೆ ಹಾಕುತ್ತೇವೆ. ವಾಸನೆ ಪೂರ್ತಿ ಹೋಗುವವರೆಗೆ ಹೂ ತುಂಬಲ್ಲ.

ಜೂನಿನಲ್ಲಿ ಗಾಳಿ ಹಸಿಯಾದ ಮೇಲೆ ಹೊರಗೆ 33, ಒಳಗೆ 28. ಅಷ್ಟೇ ಸಿಗೋದು. ಆದರೆ ಆಗ ಅಷ್ಟು ತಂಪು ಬೇಕಾಗೋದೂ ಇಲ್ಲ. ಗೌಂಡಿ ಕಾಕಾ ಮೊದಲ ದೊಡ್ಡ ಮಳೆಯ ಮರುದಿನವೇ ಬಂದು ಗೋಡೆ ಮುಟ್ಟಿ ನೋಡಿ ಹೋದರು. ಚಪ್ಪರದ ಅಂಚಿನಿಂದ ನೀರು ಬೀಳುವ ಮೂಲೆಯಲ್ಲಿ ಒಂದಿಷ್ಟು ರಾಡಿ ತೊಳೆದುಹೋಗಿತ್ತು, ಅವರೇ ಮೆತ್ತಿದರು. ಚಪ್ಪರವನ್ನು ಒಂದು ಮೊಳ ಮುಂದಕ್ಕೆ ಚಾಚಿದ್ದೇವೆ.

ಮುಂದಿನ ಬೇಸಿಗೆಗೆ ಪಕ್ಕದಲ್ಲೇ ಇನ್ನೊಂದು ಗೂಡು ಕಟ್ಟಬೇಕು. ಮದುವೆ ದಿನಗಳಲ್ಲಿ ಆರು ಕ್ರೇಟ್ ಸಾಲುತ್ತಿಲ್ಲ. ಅದೇ ಅಳತೆ, ಅದೇ ಮಣ್ಣು, ಮುಚ್ಚಳ ಮಾತ್ರ ಎರಡು ತುಂಡು ಮಾಡಿಸುತ್ತೇನೆ. ಒಂದು ಕ್ರೇಟಿಗೋಸ್ಕರ ಪೂರ್ತಿ ಗೂಡು ತೆರೆಯೋದು ತಪ್ಪುತ್ತದೆ. ಇಟ್ಟಿಗೆಗೆ ಈಗಲೇ ಹೇಳಿಟ್ಟಿದ್ದೇನೆ, ನಸುಗೆಂಪು ಸುಡಿತದ್ದು, 450.